ಸುಳಿದಾರಿ ಆಟಕ್ಕೆ ಬಂದ ಕೊನೆಯ ಅಭಿಪ್ರಾಯ

ಹೊಳೆಯ ಮೆಟ್ಟಿಲುಗಳ ಬುಡದಲ್ಲಿ, ಮೊಣಕಾಲುದ್ದ ನೀರಿನಲ್ಲಿ, ವೀರೇಶ ಬೋರಲಾಗಿ ಬಿದ್ದಿದ್ದ.

ಮೊದಲು ಕಂಡವಳು ಬೆಳಿಗ್ಗೆ ಬಟ್ಟೆ ಒಗೆಯಲು ಬಂದ ಮಹಾದೇವಕ್ಕ. ಕಲ್ಲಿನ ಸಂದಿಗೆ ಯಾರದೋ ಅಂಗಿ ಸಿಕ್ಕಿಕೊಂಡಿದೆ ಎಂದುಕೊಂಡು ಕೋಲು ಹಾಕಿ ಎಳೆದಳು. ಅಂಗಿಯೊಂದಿಗೆ ತೋಳೂ ಬಂತು. ಬುಟ್ಟಿಯನ್ನು ಅಲ್ಲೇ ಬಿಟ್ಟು ಕೂಗುತ್ತ ದಿಬ್ಬ ಹತ್ತಿ ಓಡಿದಳು.

ದ್ರಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿದಳು. ಅಷ್ಟರಲ್ಲಿ ಜನ ಅವಳ ತಮ್ಮನನ್ನು ದಂಡೆಗೆಳೆದು ಅಂಗಾತ ಮಲಗಿಸಿದ್ದರು. ಎಡಗಿವಿಯ ಮೇಲೆ ತಲೆ ಒಡೆದಿತ್ತು. ನೀರು ತೊಳೆದೂ ತೊಳೆದೂ ಗಾಯ ಬಿಳಿಚಿಕೊಂಡಿತ್ತು. ಅವಳು ಅದನ್ನು ಅಂಗೈಯಿಂದ ಮುಚ್ಚಲು ಹೋದಳು. ಯಾರೋ ಹಿಡಿದು ಹಿಂದಕ್ಕೆಳೆದರು.

"ಪಾಚಿ ಐತಿ. ಜಾರ್ಯಾನ," ಎಂದರು ಜನ. ಪೊಲೀಸರು ಬರೆದುಕೊಂಡದ್ದೂ ಅದನ್ನೇ. ಶವಪರೀಕ್ಷೆಯಾಯಿತು. ಅಣ್ಣ ಅಡಿವೆಯ್ಯ ಮುಂದೆ ನಿಂತು ತಮ್ಮನನ್ನು ಮಣ್ಣು ಮಾಡಿಸಿದ. ತಾಯಿ ಶಿವವ್ವ ಗೋಡೆಗೆ ಒರಗಿ ಕೂತಳು. ಯಾರು ಏನು ಕೇಳಿದರೂ ಮಾತಿಲ್ಲ.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ದಾಂಡೇಲಿಗೆ ಹೊಸದಾಗಿ ಬಂದಿದ್ದ ಪಿಎಸ್‌ಐ ಸುನಂದಾ, ಹೆಣದ ಮೇಲೆ ಸಿಕ್ಕಿದ ಸಾಮಾನುಗಳನ್ನು ಮೇಜಿನ ಮೇಲೆ ಹರವಿ ನೋಡಿದಳು. ಒಂದು ಕರವಸ್ತ್ರ. ಮನೆಯ ಕೀಲಿ. ಕಿವಿಗೆ ಹಾಕುವ ಇಯರ್‌ಫೋನ್.

ಇಯರ್‌ಫೋನ್ ಇದೆ. ಮೊಬೈಲ್ ಎಲ್ಲಿ?

ಅದೇ ಪ್ರಶ್ನೆ ಹಿಡಿದು ಅವಳು ವೀರೇಶನ ಮನೆಗೆ ಬಂದಳು.

"ಹೊಳ್ಯಾಗ ಬಿದ್ದಿರಬೇಕ್ರಿ," ಎಂದ ಅಡಿವೆಯ್ಯ. ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತಿದ್ದ. ಮರ ಕೊಯ್ಯುವ ಸಾಮಿಲ್ಲಿನಲ್ಲಿ ದಿಮ್ಮಿ ಹೊತ್ತೂ ಹೊತ್ತೂ ಅಗಲವಾದ ಆಳು.

"ಅಲ್ಲಿ ನೀರು ನಿಂತಂಗ ಐತಿ. ನಮ್ಮವರು ಸೋಸಿ ಹುಡುಕ್ಯಾರ. ಸಿಕ್ಕಿಲ್ಲ. ಹೆಣಾ ಸಿಗೂ ಹಿಂದಿನ ದಿನಾ ಸಂಜಿಮುಂದನ ಅದು ಬಂದ್ ಆಗೈತಿ." ಸುನಂದಾ ದ್ರಾಕ್ಷಾಯಣಿಯ ಕಡೆ ತಿರುಗಿದಳು. "ನಿಮ್ಮ ತಮ್ಮ ಏನ ಕೆಲಸಾ ಮಾಡ್ತಿದ್ದ?"

"ಮೊಬೈಲಿನ ಆಟ ರೀ."

"ಆಟಾ ಆಡ್ತಿದ್ದ?"

"ಆಡ್ತಿದ್ದಿಲ್ರಿ. ಮಾಡ್ತಿದ್ದ."

ಆಟದ ಹೆಸರು 'ಸುಳಿದಾರಿ'. ದೊಡ್ಡ ಸಾಗವಾನಿ ದಿಮ್ಮಿ, ಅದರೊಳಗೆ ಸುತ್ತಿ ಸುಳಿಯುವ ನೂರು ಓಣಿಗಳು, ನಡುವೆ ಸಿಕ್ಕಿಬಿದ್ದ ಒಂದು ಪುಟ್ಟ ಹುಳ. ಹುಳ ತಾನಾಗಿ ನಡೆಯುತ್ತದೆ. ತಿರುಗಿಸುವುದಷ್ಟೇ ಆಡುವವರ ಕೆಲಸ. ಪರದೆಯ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಬಾಣದ ಗುರುತು; ಒತ್ತಿದರೆ ತಿರುಗುತ್ತದೆ. ಕೊನೆಗೆ ವೀರೇಶ ಒಬ್ಬನೇ ಕೂತು ಮುಗಿಸಿದ ಆಟ. ಇಂಥವನ್ನೆಲ್ಲ ಇಡುವ ತಾಣವೊಂದರಲ್ಲಿ ಪುಕ್ಕಟೆಯಾಗಿ ಇಟ್ಟಿದ್ದ. ಆಡಿದವರು ಅಲ್ಲೇ ಕೆಳಗೆ ಅಭಿಪ್ರಾಯ ಬರೆಯುತ್ತಿದ್ದರು.

"ಯಾರ ಜೋಡಿಯರ ವೈರ?"

ದ್ರಾಕ್ಷಾಯಣಿ ತಡೆದಳು. "ಹಳಿಯಾಳದಾಗ ಕಿರಣಕುಮಾರ ಅಂತ ಅದಾನ್ರಿ. ಮೊದಲ ಇಬ್ಬರೂ ಕೂಡಿ ಮಾಡ್ತಿದ್ರು. ಆಟದಾಗ ಜಾಹೀರಾತು ಹಾಕೂಣು ಅಂತ ಅವಾ, ಬ್ಯಾಡ ಅಂತ ಇವಾ. ಜಗಳಾಡಿ ಬಿಟ್ಟ ಹೋದ. ಮತ್ತ… ಕಾಳಿಮೊಸಳೆ."

"ಮೊಸಳೆ?"

"ಹೆಸರ ಹಂಗ ಇಟ್ಕೊಂಡಾನ್ರಿ. ಯಾರಂತ ಗೊತ್ತಿಲ್ಲ. ವಾರಕ್ಕೊಮ್ಮೆ ಬಂದು ಬೈತಿದ್ದ. ಇದು ಆಟ ಅಲ್ಲ, ಇದನ್ನ ಬಿಟ್ಟು ದುಡದು ತಿನ್ನು ಅಂತ. ಓದಿ ಓದಿ ತಮ್ಮ ಊಟಾ ಬಿಡ್ತಿದ್ದ."

ಸುನಂದಾ ಅಡಿವೆಯ್ಯನನ್ನೂ ಕೇಳಿದಳು. ಕೇಳಬೇಕಾದ್ದೆಂದು ಕೇಳಿದಳು, ಅಷ್ಟೆ.

"ಆಟದ ಸುದ್ದಿ ನನಗ ಗೊತ್ತಿಲ್ರಿ ಮೇಡಂ. ಅವತ್ತ ಮುಂಜಾನೆ ನಾ ಹೋಗುವಾಗ ತಮ್ಮ ಮಲಗಿದ್ದ. ಸಾಮಿಲ್ಲಿನಿಂದ ಹಂಗ ಹಳಿಯಾಳಕ್ಕ ಹೋದ್ನಿ, ಗೆಳ್ಯಾನ ಮನಿಗೆ. ತಡಾ ಮಾಡಿ ಬಂದು ಮಲಗಿದ್ನಿ. ಆಮ್ಯಾಲ ನೋಡಿದ್ದು ಹೆಣಾನ."

"ಇವಾ ಮನಿಗೆ ಬಂದಿಲ್ಲಂತ ಯಾರೂ ಹುಡುಕ್ಲಿಲ್ಲ?"

"ಅವತ್ತ ಮುಂಜಾನಿಂದ ಇಲ್ಲಿ ನೆಟ್ ಇದ್ದಿಲ್ರಿ," ಎಂದಳು ದ್ರಾಕ್ಷಾಯಣಿ. "ನೆಟ್ ಇದ್ದಲ್ಲಿ ಗೆಳ್ಯಾರ ಮನ್ಯಾಗ ಮಲಗ್ಯಾನ ಅನ್ಕೊಂಡ್ವಿ. ಹಂಗ ಮಾಡ್ತಿದ್ದ."

"ನಿಮ್ಮ ನಂಬರ ಒತ್ತಿ ಕೊಡ್ರಿ," ಎಂದು ಸುನಂದಾ ತನ್ನ ಮೊಬೈಲನ್ನು ಅಡಿವೆಯ್ಯನ ಮುಂದೆ ಹಿಡಿದಳು. ಅವನು ಬೆರಳನ್ನು ತುಟಿಗೆ ಮುಟ್ಟಿಸಿ ಒಂದೆರಡು ಸಲ ಒತ್ತಿದ. ಬೇಸರಪಟ್ಟು ತಂಗಿಗೆ ಕೊಟ್ಟ. "ದ್ರಾಕ್ಷೀ, ನೀನ ಒತ್ತು." ಅವಳು ಒತ್ತಿ ಕೊಟ್ಟಳು.

ಸುನಂದಾ ಎದ್ದಳು. "ನೀವು ನನ್ನ ಜೋಡಿ ಬರ್ರಿ, ದ್ರಾಕ್ಷಾಯಣಿಯವರ. ಈ ಆಟದ ತಲಿಬುಡ ನನಗ ತಿಳಿಯೂದಿಲ್ಲ. ನಿಮಗ ತಿಳೀತೈತಿ."

ಹಳಿಯಾಳದ ದಾರಿಯಲ್ಲಿ, ಜೀಪಿನ ಹಿಂದಿನ ಸೀಟಿನಲ್ಲಿ, ದ್ರಾಕ್ಷಾಯಣಿ ಅಭಿಪ್ರಾಯಗಳನ್ನು ಒಂದೊಂದಾಗಿ ಓದಿ ಹೇಳಿದಳು. ತಮ್ಮನ ಜೊತೆ ಕೂತು ಓದಿದ್ದವೇ. ಆಗ ನಗಿಸಿದ್ದವನ್ನೂ ಈಗ ಒಂದೇ ದನಿಯಲ್ಲಿ ಓದಿದಳು.

"'ತಿರುವು ಬಂದಾಗ ಒತ್ತಿದರೆ ಹುಳ ಒಂದು ಹೆಜ್ಜೆ ಮುಂದೆ ಹೋಗಿಯೇ ತಿರುಗುತ್ತದೆ.' 'ಬಾಣಗಳು ತೀರ ದೊಡ್ಡವು, ಕೆಳಗಿನ ಓಣಿ ಕಾಣುವುದೇ ಇಲ್ಲ.' 'ಎಡಗೈಯವರಿಗೂ ಸರಿ ಹೋಗುವಂತೆ ಮಾಡಿ.'"

"ಮೊಸಳೆ ಏನಂತಾನ?"

"'ಎಡಕ್ಕ ಒತ್ತಿದ್ರ ಎಡಕ್ಕ ಹೋಗೂದಿಲ್ಲ ಬಲಕ್ಕ ಒತ್ತಿದ್ರ ಬಲಕ್ಕ ಹೋಗೂದಿಲ್ಲ ಸುಮ್ಮನ ಹೊಂಟ ಗ್ವಾಡಿಗೆ ಬಡೀತೈತಿ ಇದೇನ್ ಮಾಡೀ ಹಾಳಾದ ಆಟ.'"

"ಅಂದ್ರ ಎಲ್ಲಾರೂ ಅದನ್ನ ಹೇಳ್ತಾರ. ತಿರುಗೂದು ಸರಿ ಇಲ್ಲ."

"ಹ್ಞೂಂ ರೀ," ಎಂದಳು ದ್ರಾಕ್ಷಾಯಣಿ. ಆಗ ಇಬ್ಬರಿಗೂ ಹಾಗೇ ಕಂಡಿತು.

ಕಿರಣಕುಮಾರನದು ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಪೊಲೀಸರನ್ನು ಕಂಡು ಬೆದರಲಿಲ್ಲ. ದ್ರಾಕ್ಷಾಯಣಿಯನ್ನು ಕಂಡು ತಲೆ ತಗ್ಗಿಸಿದ.

"ಮಣ್ಣಿಗೆ ಬರ್ಲಿಲ್ಲ ಅಕ್ಕಾ. ಯಾವ ಮುಖಾ ಇಟ್ಕೊಂಡು ಬರ್ಲಿ?"

"ಅವತ್ತ ಸಂಜಿಮುಂದ ಎಲ್ಲಿದ್ದಿ?" ಸುನಂದಾ ಕೇಳಿದಳು.

"ಇಲ್ಲೇ ರೀ. ಅಂಗಡಿ ತುಂಬ ಗಿರಾಕಿ. ಕ್ಯಾಮೆರಾ ಐತಿ, ನೋಡ್ರಿ."

ನೋಡಿದರು. ಸಂಜೆಯಿಂದ ಅಂಗಡಿ ಮುಚ್ಚುವವರೆಗೂ ಅವನು ಕುರ್ಚಿ ಬಿಟ್ಟು ಎದ್ದಿರಲಿಲ್ಲ.

"ಕಾಳಿಮೊಸಳೆ ನೀನ ಏನು?"

ಅವನಿಗೆ ಸಿಟ್ಟೇ ಬಂತು. "ಆ ಬಾಣದ ಗುರುತು ಹಾಕಿದಾವ ನಾನ ರೀ. ನನ್ನ ಕೆಲಸಕ್ಕ ನಾನ ಬೈಕೊಳ್ಳಲಿ?" ಮೊಬೈಲನ್ನು ಇಸಿದುಕೊಂಡು ಮೊಸಳೆಯ ಬೈಗುಳಗಳನ್ನು ನೋಡಿದ. "ಇವಾ ಬರದಿಲ್ಲ ನೋಡ್ರಿ, ಮಾತಾಡ್ಯಾನ. ಒಂದರ ಚುಕ್ಕಿ ಐತೇನು? ಮೊಬೈಲ್ ಮುಂದ ಬಾಯಿಲೆ ಹೇಳಿದ್ರ ಅದ ಬರಕೋತೈತಿ, ಹಂಗ ಮಾಡ್ಯಾನ. ಮತ್ತ ಇವಾ ಸುಮ್ಮ ಬೈಯುವಾವಲ್ಲ. ಕೊನೀ ಸುತ್ತಿನ ತಿರುವಿನ ಬಗ್ಗೆ ಹೇಳ್ಯಾನ. ಅಲ್ಲಿ ಮಟ ಆಡಿದವರು ಭಾಳ ಕಮ್ಮಿ. ಆಟಾ ಭಾಳ ಹಚ್ಕೊಂಡಾನ."

ಬೈಯುವವನಿಗೆ ಆಟದ ಮೇಲೆ ಅಷ್ಟು ಆಸೆಯೇ? ಸುನಂದಾ ದ್ರಾಕ್ಷಾಯಣಿಯನ್ನು ಕರೆದುಕೊಂಡು ಹೊರಗೆ ಬಂದಳು. ಎದುರಿನ ಚಹಾದಂಗಡಿಯಲ್ಲಿ ಕೂತು, "ಸತ್ತ ಮ್ಯಾಲ ಬಂದ ಅಭಿಪ್ರಾಯಾನೂ ಓದ್ರಿ," ಎಂದಳು.

ಸಾವಿನ ಸುದ್ದಿ ತಿಳಿದು ಜನ ಸಾಲುಗಟ್ಟಿ ಬರೆದಿದ್ದರು. ಓಂ ಶಾಂತಿ. ಒಳ್ಳೆಯ ಆಟ. ಇಷ್ಟು ಚಿಕ್ಕ ವಯಸ್ಸಿಗೆ ಹೀಗಾಗಬಾರದಿತ್ತು. ದ್ರಾಕ್ಷಾಯಣಿ ಒಂದೇ ಉಸಿರಿಗೆ ಓದಿಕೊಂಡು ಹೋದಳು. ಅವುಗಳ ನಡುವೆ ಮೊಸಳೆಯದೂ ಒಂದಿತ್ತು.

"'ಎಡಕ್ಕ ಅಂದ್ರ ಎಡಕ್ಕ ಬಲಕ್ಕ ಅಂದ್ರ ಬಲಕ್ಕ ಈಗ ನನ್ನ ಕೈಗೂ ಕೇಳತೈತಿ ಚಲೋ ಮಾಡೀ.'"

"ನಿಂದರ್ರಿ. ಬೈತಿದ್ದಾವ ಹೊಗಳ್ಯಾನ?"

"ಸತ್ತವರನ್ನ ಎಲ್ಲಾರೂ ಹೊಗಳ್ತಾರಲ್ರೀ."

"ಅದರ ಕೆಳಗ ಯಾರೋ ಏನೋ ಕೇಳ್ಯಾರ."

ಮಳಗಿ ಊರಿನ ಸಹನಾ ಎಂಬುವಳು ಬರೆದಿದ್ದಳು: 'ಎಲ್ಲಿ ಸರಿಯಾಗಿದೆ? ನನಗೆ ಇನ್ನೂ ಮೊದಲಿನ ಹಾಗೇ ಇದೆಯಲ್ಲ?' ಉತ್ತರವಿರಲಿಲ್ಲ.

ಈ ಸಹನಾ ಹಿಂದೊಮ್ಮೆ ವೀರೇಶನಿಗೆ ಫೋನ್ ಮಾಡಿ ಆಟದ ಬಗ್ಗೆ ಮಾತಾಡಿದ್ದಳು. ದ್ರಾಕ್ಷಾಯಣಿಯ ಬಳಿ ನಂಬರಿತ್ತು. ಮಾಡಿದರು. ಹೊಲಿಗೆ ಯಂತ್ರದ ಸದ್ದು ನಿಂತು, ಒಂದು ಎಳೆಯ ದನಿ ಕೇಳಿಸಿತು.

"ಹೌದ್ರಿ, ನಾನ ಬರದದ್ದು. ಹೊಸಾದು ಬಂದೈತೇನೋ ಅಂತ ಆಟಾ ತಗದು ತಗದು ಮತ್ತ ಹಾಕಿ ನೋಡಿದೆ. ಅದ ಎರಡ ಬಾಣ. ಅದ ಒಂದ ಹೆಜ್ಜಿ ತಡಾ. ಏನೂ ಬದಲಾಗಿಲ್ರಿ ಅಕ್ಕಾರ."

"ಮೊದಲೂ ಒತ್ತಿದ್ದು ಕೇಳ್ತಿದ್ದಿಲ್ಲೇನು?" ಸುನಂದಾ ನಡುವೆ ಬಾಯಿ ಹಾಕಿದಳು.

"ಕೇಳ್ತಿತ್ರಿ. ತಡಾ ಮಾಡಿ ತಿರುಗತಿತ್ತು, ಅಷ್ಟ. ಒತ್ತಿದ್ದ ಕೇಳೂದಿಲ್ಲ ಅಂತ ಆ ಮೊಸಳಿ ಒಬ್ಬಾವ ಹೇಳ್ತಿದ್ದ. ನಮಗ ಯಾರಿಗೂ ಹಂಗ ಆಗಿಲ್ರಿ."

ದ್ರಾಕ್ಷಾಯಣಿ ಫೋನ್ ಇಟ್ಟು ಚಹಾ ಎತ್ತಿದಳು, ಕುಡಿಯಲಿಲ್ಲ. ಲೋಟವನ್ನು ಕೆಳಗಿಟ್ಟಳು.

"ಏನಾತು?"

"ಸರಿ ಮಾಡಿದ್ದ ರೀ ತಮ್ಮ. ಅವತ್ತ ಮಧ್ಯಾಹ್ನ. ನನ್ನ ಎದುರಿಗೇ."

"ಹೇಳ್ರಿ."

"ಬಾಣಾ ತಗದಬಿಟ್ಟಿದ್ದ. ಒತ್ತೂದ ಬ್ಯಾಡ. ಮೊಬೈಲ್ ಎಡಕ್ಕ ವಾಲಿಸಿದ್ರ ಹುಳ ಎಡಕ್ಕ ತಿರುಗತೈತಿ, ಬಲಕ್ಕ ವಾಲಿಸಿದ್ರ ಬಲಕ್ಕ. ನಾ ಆಡಿ ನೋಡಿದೆ. ನೀರಿನಂಗ ಹೋಗ್ತಿತ್ತು. 'ಒಬ್ಬ ಆಟಗಾರನ ಸಲುವಾಗಿ ಮಾಡೇನಿ ಅಕ್ಕಾ, ಅವಗ ಮೊದಲ ತೋರಿಸ್ತೇನಿ' ಅಂದ. ನಕ್ಕೋತ ಹೊಂಟ. ನೆಟ್ ಇದ್ದಿಲ್ಲ, ತಾಣಕ್ಕ ಏರಿಸಲಿಲ್ಲ. ಅದು ಅವನ ಮೊಬೈಲಿನ್ಯಾಗ ಅಷ್ಟ ಇತ್ತು."

ಸುನಂದಾ ನಿಧಾನವಾಗಿ ಹೇಳಿದಳು: "ಅಂದ್ರ ಮೊಸಳೆ ಆ ಮೊಬೈಲ್ ಕೈಯಾಗ ಹಿಡದಾನ. ಆಮ್ಯಾಲ ನಿಮ್ಮ ತಮ್ಮ ಸತ್ತಾನ."

ಮರಳುವ ದಾರಿಯಲ್ಲಿ ಜೀಪು ಕಾಡು ಹೊಕ್ಕಿತು. ಸುನಂದಾ ಮುಂದಿನ ಸೀಟಿನಿಂದ ತಿರುಗದೆಯೇ ಕೇಳಿದಳು. ಸುಮ್ಮನೆ ಕೇಳಿದ ಹಾಗೆ.

"ನಿಮ್ಮಣ್ಣ ಯಾವಾಗರ ಈ ಆಟಾ ಆಡ್ಯಾರೇನು?"

"ಇಲ್ರಿ. ಅವಾ ಎಲ್ಲಿ ಆಡ್ತಾನ? ಅವನ ಕೈಗೆ ಮೊಬೈಲ್ ಕೇಳೂದ—"

ದ್ರಾಕ್ಷಾಯಣಿಯ ಬಾಯಿ ಅಲ್ಲೇ ನಿಂತಿತು.

ಜೀಪು ಓಡುತ್ತಿತ್ತು. ಕಿಟಕಿಯಾಚೆ ತೇಗದ ಮರಗಳು ಹಿಂದೆ ಹಿಂದೆ ಸರಿಯುತ್ತಿದ್ದವು. ಸುನಂದಾ ಹಿಂದಿರುಗಿ ನೋಡಲಿಲ್ಲ. ಉಳಿದ ಮಾತನ್ನು ಪೂರ್ತಿ ಮಾಡು ಎನ್ನಲೂ ಇಲ್ಲ. ದ್ರಾಕ್ಷಾಯಣಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅಡಿವೆಯ್ಯ ಹಿತ್ತಲಲ್ಲಿ ಒಲೆಗೆ ಕಟ್ಟಿಗೆ ಒಡೆಯುತ್ತಿದ್ದ. ಸುನಂದಾಳ ಜೊತೆ ಇಬ್ಬರು ಪೇದೆಗಳನ್ನು ಕಂಡು ಕೊಡಲಿಯನ್ನು ನೆಲಕ್ಕಿಟ್ಟ.

"ಮೊಸಳೆ ಸಿಕ್ಕಾನ, ಅಡಿವೆಯ್ಯನವರ," ಎಂದಳು ಸುನಂದಾ.

"ಯಾರ್ರಿ?"

"ನೀವ."

ಅವನು ನಗಲು ನೋಡಿದ. "ನನಗ ಆಟದ—"

"ಕೇಳ್ರಿ. ಎಲ್ಲಾರೂ ತಿರುವಿನ ಬಗ್ಗೆ ಬರದಾರ ಅಂತ ನಾವೂ ತಿಳಕೊಂಡಿದ್ವಿ. ಅದ ನಮ್ಮ ತಪ್ಪು. ಉಳದವರಿಗೆ ಹುಳ ತಡಾ ಮಾಡಿ ತಿರುಗತಿತ್ತು. ಮೊಸಳಿಗೆ ಒಬ್ಬಾವಗ ಹುಳ ತಿರುಗತಿದ್ದಿಲ್ಲ. ಆಟ ಒಂದ, ಬಾಣ ಅವ. ಮತ್ತ ಬ್ಯಾರೆ ಯಾವುದು? ಕೈ. ದಿಮ್ಮಿ ಹೊತ್ತು ಜಡ್ಡುಗಟ್ಟಿದ ಬೆರಳು, ಪರದೆ ಮ್ಯಾಲ ಒತ್ತಿದ್ರ ಒತ್ತಿದಂಗ ತಿಳಿಯೂದಿಲ್ಲ. ಅದಕ್ಕ ಬಾಯಿಲೆ ಹೇಳಿ ಬರಸ್ತಿದ್ರಿ. ಇವತ್ತ ನನ್ನ ಕಣ್ಣ ಮುಂದನ ಬೆರಳಿಗೆ ಉಗುಳು ಹಚ್ಚಿ ಒತ್ತಿದ್ರಿ. ನಂಬರ ಬೀಳಲಿಲ್ಲ. ತಂಗಿಗೆ ಕೊಟ್ರಿ. ನಾ ನೋಡಿನೂ ನೋಡ್ಲಿಲ್ಲ."

ಅಡಿವೆಯ್ಯ ತನ್ನ ಅಂಗೈಯನ್ನು ನೋಡಿಕೊಂಡ.

"ನಿಮ್ಮ ತಮ್ಮ ಆಟಾ ಮಾಡಿದಾವ. ಅವಗ ತಿಳೀತು, ಈ ಬೈಗುಳಾ ಯಾವ ಕೈದು ಅಂತ. ಆ ಕೈಗೆ ಸರಿಹೋಗೂ ಹಂಗ ಆಟಾ ತಿದ್ದಿದ. ಅದನ್ನ ತೋರಸಾಕ ಬಂದ. ನೀವು ಆಡಿದ್ರಿ. 'ಈಗ ನನ್ನ ಕೈಗೂ ಕೇಳತೈತಿ' ಅಂತ ಹೇಳಿ ಹಾಕಿದ್ರಿ. ಆದ್ರ ಆ ತಿದ್ದಿದ ಆಟ ಲೋಕಕ್ಕ ಬಂದಿಲ್ಲ, ಅಡಿವೆಯ್ಯ. ಅದು ಸತ್ತಾವನ ಮೊಬೈಲಿನ್ಯಾಗ ಅಷ್ಟ ಐತಿ."

"ಏರಿಸ್ಯಾನ ಅಂದ್ಕೊಂಡಿದ್ನೆಲ್ಲ ನಾ," ಎಂದ ಅವನು. ತನಗೆ ತಾನೇ ಹೇಳಿಕೊಂಡ ಹಾಗೆ. "ಎಲ್ಲಾರಿಗೂ ಬಂದೈತಿ ಅಂತ ತಿಳಕೊಂಡಿದ್ನಿ."

ದ್ರಾಕ್ಷಾಯಣಿ ಮುಂದೆ ಬಂದಳು. "ಅಣ್ಣಾ, ಹೌದೋ ಅಲ್ಲೋ? ಬಾಯಿ ಬಿಟ್ಟು ಹೇಳು."

ಅವನು ಒಡೆದ ಕಟ್ಟಿಗೆಯ ಮೇಲೆಯೇ ಕೂತ.

"ಬಿಡ್ಲಿ ಅಂತ ಬೈದ್ನಿ, ದ್ರಾಕ್ಷಿ. ಅಪ್ಪ ಸತ್ತ ಮ್ಯಾಲ ನಾ ಸಾಲಿ ಬಿಟ್ಟು ದಿಮ್ಮಿಗೆ ಹೆಗಲ ಕೊಟ್ನಿ. ಅವಾ ಓದಲಿ ಅಂತ. ಓದಿ ಏನ ಮಾಡಿದ? ಹುಳಾ ಓಡಸ್ಕೋತ ಕುಂತ. ಮಿಲ್ಲಿನ್ಯಾಗ ಕೆಲಸಕ್ಕ ಎಷ್ಟ ಮಂದಿ ಕಾಲ ಹಿಡದಿದ್ನಿ, ಒಲ್ಲೆ ಅಂದ. ಅದೇನ ಅಂಥಾದ್ದೈತಿ ನೋಡೂಣು ಅಂತ ಊಟದ ಹೊತ್ತಿನ್ಯಾಗ ಹಚ್ಚಿ ನೋಡಿದ್ನಿ." ಮೂಗು ಒರೆಸಿಕೊಂಡ. "ಬಿಡಾಕ ಆಗ್ಲಿಲ್ಲ. ಉಗುಳು ಹಚ್ಚಿ ಹಚ್ಚಿ ಆಡಿದ್ನಿ. ಕೊನೀ ಸುತ್ತಿನ ಮಟ ಆಡಿದ್ನಿ. ಆಡೂದು ನಾನ, ಬೈಯೂದೂ ನಾನ."

"ಹೊಳಿ ಹತ್ರ ಏನಾತು?" ಸುನಂದಾ ಕೇಳಿದಳು.

"ಕೆಲಸಾ ಮುಗಿಸಿ ಕೈಕಾಲ ತೊಳಿಯಾಕ ಹೋಗಿದ್ನಿ. ನಕ್ಕೋತ ಬಂದ. 'ಮೊಸಳಿ ಸಿಕ್ತು. ನಿನ್ನ ಬೆರಳ ನನಗ ಗೊತ್ತಿಲ್ಲೇನಣ್ಣಾ?' ಅಂದ. ಮೊಬೈಲ್ ಕೊಟ್ಟ. ವಾಲಿಸಿದ್ನಿ. ಹುಳ ನಾ ಹೇಳಿದಂಗ ತಿರುಗಿತು. ಎಷ್ಟ ಚಂದ ತಿರುಗಿತು… 'ಹೆಂಗೈತಿ ಹೇಳಣ್ಣಾ, ಹೆಂಗೈತಿ?' ಅಂತ ಬೆನ್ನ ಹತ್ತಿದ. ಅವ್ವಗ, ಅಕ್ಕಗ ಎಲ್ಲಾ ಹೇಳ್ತೇನಿ, ಮಿಲ್ಲಿಗೆ ನಾ ಹೋಗೂದಿಲ್ಲ, ನೀನೂ ಇನ್ನ ಬೈಯೂಹಂಗಿಲ್ಲ ಅಂದ. ನನ್ನ ಕೈ ಹಿಂಗಾಗಿದ್ದು ಅವನ ಸಲುವಾಗಿ. ಅವಾ ಅದನ್ನ ಕಂಡು ನಗಾಕತ್ತಾನ ಅನಿಸ್ತು. ದೂಡಿದ್ನಿ."

"ಆಮ್ಯಾಲ?"

"ತಲಿ ಕಲ್ಲಿಗೆ ಬಡೀತು. ನೀರಾಗ ಬಿದ್ದ. ಒಮ್ಮೆ 'ಅಣ್ಣಾ' ಅಂದ." ಅಡಿವೆಯ್ಯನ ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. "ನಾ ಮ್ಯಾಲ ನಿಂತಿದ್ನಿ. ಏಳ್ತಾನ, ಎದ್ದು ಬೈತಾನ ಅಂತ ನಿಂತಿದ್ನಿ. ಸಿಟ್ಟು ಇಳಿಯೂ ತನಕ ನಿಂತಿದ್ನಿ. ಇಳದು ಹೋಗಿ ಹಿಡದಾಗ ಆಗಿಹೋಗಿತ್ತು."

"ಮತ್ತ ಆ ಅಭಿಪ್ರಾಯ ಯಾಕ ಹಾಕಿದ್ರಿ?"

ಅವನು ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ.

"ಹೆಂಗೈತಿ ಹೇಳು ಅಂತ ತಮ್ಮ ಕೇಳಿದ್ನಲ್ರಿ. ಅಲ್ಲಿ ಹೇಳ್ಲಿಲ್ಲ ನಾ. ಮಣ್ಣ ಮಾಡಿ ಬಂದ ಮ್ಯಾಲ ಹೇಳಿದ್ನಿ."

ಮೊಬೈಲ್ ಸಾಮಿಲ್ಲಿನಲ್ಲಿ, ಅವನ ಅಂಗಿ ತೂಗುಹಾಕುವ ಮೊಳೆಯ ಹಿಂದೆ, ಹಲಗೆಯ ಸಂದಿನಲ್ಲಿತ್ತು. ಹೊಳೆಗೆ ಎಸೆಯಲು ಮನಸ್ಸಾಗಲಿಲ್ಲ ಎಂದ. ಪೇದೆಗಳು ಎರಡೂ ತೋಳು ಹಿಡಿದು ಎಬ್ಬಿಸಿದಾಗ ತಂಗಿಯ ಕಡೆ ನೋಡಿದ. ದ್ರಾಕ್ಷಾಯಣಿ ನೋಡಲಿಲ್ಲ. ಅವಳು ಕೊಡಲಿಯನ್ನು ಎತ್ತಿ, ಎಂದಿನ ಹಾಗೆ, ಗೋಡೆಗೆ ಒರಗಿಸಿ ಇಡುತ್ತಿದ್ದಳು. ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ.

"ನಿಮ್ಮ ತಾಯಿಗೆ ನಾ ಹೇಳ್ಲೇನು?" ಸುನಂದಾ ಕೇಳಿದಳು.

"ಬ್ಯಾಡ್ರಿ. ನಾನ ಹೇಳ್ತೇನಿ."

ಒಳಗೆ ಶಿವವ್ವ ಅದೇ ಗೋಡೆಗೆ ಒರಗಿ ಕೂತಿದ್ದಳು. ದ್ರಾಕ್ಷಾಯಣಿ ಎದುರಿಗೆ ಕುಕ್ಕರಿಸಿದಳು. "ಯವ್ವಾ…" ಎಂದಳು.

"ಗೊತ್ತೈತಿ," ಎಂದಳು ಶಿವವ್ವ.

ಮಣ್ಣು ಮಾಡಿದ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ನಿಮ್ಮಣ್ಣ ಹಳಿಯಾಳಕ್ಕ ಹೋಗಿದ್ನಿ ಅಂದ. ಬೆಳಗ ಹರಿಯೂದರಾಗ ಎದ್ದು ಅವನ ಪ್ಯಾಂಟ್ ಒಗಿಯಾಕ ತಗೊಂಡ್ನಿ. ಮೊಣಕಾಲ ಮಟ ಹೊಳಿ ಕೆಸರು. ಕೇಳೂಣು ಅಂದ್ರ ಮಲಗಿದ್ದ. ಒಗದು ಹಿಂಡಿ ಹಗ್ಗಕ್ಕ ಹಾಕಿದ್ನಿ. ಹಾಕಿ ಒಳಗ ಬಂದ್ನಿ, ಆ ಮಹಾದೇವಕ್ಕನ ಕೂಗು ಕೇಳಿತು."

"ಯಾರಿಗೂ ಹೇಳ್ಲಿಲ್ಲ ನೀ?"

ಶಿವವ್ವ ಮಗಳ ಮುಖವನ್ನು ನೇರವಾಗಿ ನೋಡಿದಳು.

"ಯಾರಿಗೆ ಹೇಳ್ಲಿ? ಉಳದಾವ ಅವಾ ಒಬ್ಬಾವ ಅಲ್ಲೇನು?"

ಹೊರಗೆ ಜೀಪು ಹೊರಟ ಸದ್ದಾಯಿತು. ಇಬ್ಬರೂ ಏಳಲಿಲ್ಲ.